ಚೇಳಿನ ಬಾಲದ ಕೆಳಗೆ

“ಚೇಳಿನ ಬಾಲದ ಕೆಳಗಿದ್ದ ನಕ್ಷತ್ರ ಎಲ್ಲಿ ಹೋಯ್ತಮ್ಮ?” ಎಂದರು ಮೇಷ್ಟ್ರು, ಎತ್ತಿದ ಕತ್ತನ್ನು ಇಳಿಸದೆ.

ತಾರಾಲಯದ ಗುಮ್ಮಟದ ತುಂಬ ನಕ್ಷತ್ರಗಳು ಹರಡಿದ್ದವು, ನಡುವೆ ವೃಶ್ಚಿಕ ರಾಶಿಯ ಚೇಳು. ಹೊಸ ಆಪರೇಟಿಂಗ್ ಸಿಸ್ಟಮ್ ತುಂಬಿಕೊಂಡು ತಂದ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಬರೀ ಪರೀಕ್ಷೆಗೆಂದು ಎಂಜಿನಿಯರಮ್ಮ ಆಕಾಶ ತೋರಿಸುತ್ತಿದ್ದಳು. ಹಳೆಯ ಸಿಸ್ಟಮ್ಮಿಗೆ ಇನ್ನು ಹೇಳುವವರಿಲ್ಲ, ಕೇಳುವವರಿಲ್ಲ, ಕೆಟ್ಟರೆ ಕೆಟ್ಟಿತು. ಹೊಸದು ಹಾಕಿದರೆ ಆಕಾಶ ತೋರಿಸುವ ಪ್ರೋಗ್ರಾಮೂ ಬದಲಾಗುತ್ತದೆ, ನಕ್ಷತ್ರಗಳ ಪಟ್ಟಿಯೂ ಹೊಸದು ಬರುತ್ತದೆ. ಹಾಕಬೇಕೋ ಬೇಡವೋ ಎಂಬುದನ್ನು ಮೇಲಿನವರು ಮೇಷ್ಟ್ರ ತಲೆಗೇ ಕಟ್ಟಿದ್ದರು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಆಕಾಶ ವಿವರಿಸುವವರು ಅವರೇ. ಯಾವ ಶಾಲೆಯ ಮೇಷ್ಟ್ರೂ ಅಲ್ಲ. ನೋಡಲು ಬಂದ ಮಕ್ಕಳು ಕೊಟ್ಟುಹೋದ ಬಿರುದು ಅದು.

“ಯಾವ ನಕ್ಷತ್ರ ಮೇಷ್ಟ್ರೇ?”

“ಅಯ್ಯೋ, ನಮ್ಮ ನಕ್ಷತ್ರ ಕಣಮ್ಮ! ಕಂಡೂ ಕಾಣದ ಹಾಗೆ ಮಿಣಕ್ ಅಂತ ಇರುತ್ತಲ್ಲ, ಅದು. ಅದು ಕಂಡೋರ ಕಣ್ಣು ಚೆನ್ನಾಗಿದೆ ಅಂತ ಪ್ರತಿ ಷೋನಲ್ಲೂ ಹೇಳ್ತೀನಿ. ಎಷ್ಟು ಸಾವಿರ ಮಕ್ಕಳು ಕೈ ಎತ್ತಿದ್ದಾರೆ ಗೊತ್ತಾ? ನಿಮ್ಮ ಹೊಸದು ಅದನ್ನೇ ನುಂಗಿ ನೀರು ಕುಡಿದಿದೆ. ಬೇಡಪ್ಪಾ ಬೇಡ, ಹಳೇದೇ ಇರಲಿ.”

ಇನ್ನೊಬ್ಬಳಾಗಿದ್ದರೆ ಸರಿ ಅಂದು ಡಿಸ್ಕ್ ಎತ್ತಿಕೊಂಡು ಹೊರಡುತ್ತಿದ್ದಳೇನೋ. ಇವಳಿಗೆ ಕುತೂಹಲ. ಹಳೆಯ ಪಟ್ಟಿಯನ್ನೂ ತೆರೆದು ಹೊಸದರ ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ಬೆರಳಾಡಿಸುತ್ತ ಇಳಿದಳು. ಒಂದು ಕಡೆ ಬೆರಳು ನಿಂತಿತು.

“ಮೇಷ್ಟ್ರೇ, ಈ ಪಟ್ಟಿ ಟೈಪ್ ಮಾಡಿದ ಪುಣ್ಯಾತ್ಮರು ಯಾರು?”

“ನಾನೇ!” ಮೇಷ್ಟ್ರ ಎದೆ ಎರಡಂಗುಲ ಅಗಲವಾಯಿತು. “ಎರಡು ಬೇಸಿಗೆ, ಒಂಬತ್ತು ಸಾವಿರ ನಕ್ಷತ್ರ, ಎರಡೇ ಬೆರಳು.”

“ಈ ಒಂದನ್ನ ಎರಡು ಸಲ ಟೈಪ್ ಮಾಡಿದ್ದೀರಿ. ಎರಡನೇ ಸಲ, ಅದರ ಜಾಗ ಹೇಳೋ ಅಂಕಿಯಲ್ಲಿ ಮೂರು ಇರಬೇಕಾದ ಕಡೆ ಎಂಟು ಬಿದ್ದುಬಿಟ್ಟಿದೆ. ಅದಕ್ಕೇ ಚೇಳಿನ ಬಾಲದ ಕೆಳಗೆ ಹೋಗಿ ಕೂತಿದೆ. ಅಲ್ಲಿ ಯಾವ ನಕ್ಷತ್ರವೂ ಇಲ್ಲ.”

ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ಇಲ್ಲಮ್ಮ, ನಾನು ಅದನ್ನ ನಿಜವಾದ ಆಕಾಶದಲ್ಲೇ ನೋಡಿದ್ದೀನಿ. ನಮ್ಮನೆ ತಾರಸಿ ಮೇಲಿಂದ. ನನ್ನ ಹೆಂಡತಿನೂ ನೋಡಿದ್ದಾಳೆ. ಬೇಕಾದ್ರೆ ಕೇಳು.” ಅಲ್ಲೇ ಮನೆಗೆ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಹಿಡಿದರು. “ಲೇ ಇವಳೇ, ಚೇಳಿನ ಬಾಲದ ಕೆಳಗೆ ಒಂದು ಸಣ್ಣ ನಕ್ಷತ್ರ ನೋಡಿದ್ದೀಯಲ್ಲ?”

“ನೋಡ್ದೆ ಏನು! ಮದುವೆಯಾದಾಗಿಂದ ಕತ್ತು ನೋಯೋ ತನಕ ಅದನ್ನೇ ನೋಡಿದ್ದಾಯ್ತಲ್ಲ.”

ಮೇಷ್ಟ್ರು ಎಂಜಿನಿಯರಮ್ಮನ ಕಡೆ ಹುಬ್ಬು ಹಾರಿಸಿದರು. “ನಿಜವಾಗ್ಲೂ ಕಾಣಿಸ್ತು ತಾನೆ?”

ಫೋನಿನ ಆ ಕಡೆ ಸುರಿಯುತ್ತಿದ್ದ ನಲ್ಲಿಯ ಸದ್ದು ನಿಂತಿತು. “ಇದೇನ್ರೀ ಬೆಳಬೆಳಗ್ಗೆ? ನೀವು ಅಷ್ಟು ಆಸೆಯಿಂದ ಕೈ ಮಾಡಿ ತೋರಿಸ್ತಿದ್ರೆ, ಕಾಣ್ತಿಲ್ಲ ಅನ್ನೋಕೆ ಬಾಯಿ ಬರುತ್ತಾ?”

ಮೇಷ್ಟ್ರು ಫೋನನ್ನು ಜೇಬಿಗೆ ಇಳಿಸಿ, ಮೊದಲ ಸಾಲಿನ ಕುರ್ಚಿಯಲ್ಲಿ ಒರಗಿ ಕೂತರು. ಹೊರಗೆ ಹತ್ತು ಗಂಟೆಯ ಷೋಗೆ ಬಂದ ಶಾಲೆಯ ಮಕ್ಕಳ ಗಲಾಟೆ ಶುರುವಾಗಿತ್ತು.

ಎಂಜಿನಿಯರಮ್ಮನಿಗೆ ಯಾಕಾದರೂ ಹೇಳಿದೆನೋ ಅನ್ನಿಸಿತು. “ಒಂದು ಕೆಲಸ ಮಾಡ್ಲಾ ಮೇಷ್ಟ್ರೇ? ಹೊಸ ಪಟ್ಟಿಗೂ ಅದನ್ನ ಸೇರಿಸಿಬಿಡ್ತೀನಿ. ಒಂದು ಸಾಲಿನ ಕೆಲಸ. ನಮ್ಮಿಬ್ಬರಿಗೆ ಬಿಟ್ರೆ ಇನ್ಯಾರಿಗೂ ಗೊತ್ತಾಗಲ್ಲ.”

ಮೇಷ್ಟ್ರು ಆ ಖಾಲಿ ಜಾಗವನ್ನೇ ದಿಟ್ಟಿಸುತ್ತಿದ್ದರು. “ಹಾಗಾದ್ರೆ ತಾರಸಿ ಮೇಲಿಂದ ನಾನು ನೋಡಿದ್ದು ಏನನ್ನ?”

“ಗೊತ್ತಿಲ್ಲ ಮೇಷ್ಟ್ರೇ.”

“ನಂಗೂ ಗೊತ್ತಿಲ್ಲ ಕಣಮ್ಮ. ಈಗ ಗೊತ್ತು ಮಾಡ್ಕೋಬೇಕು ಅನ್ನಿಸ್ತಿದೆ.” ಎದ್ದು ನಿಂತರು. “ಹೊಸದೇ ಇರಲಿ. ಏನೂ ಸೇರಿಸ್ಬೇಡ. ಮಕ್ಕಳನ್ನ ಒಳಗೆ ಬಿಡು.”

ದೀಪ ಆರಿತು. ಮೇಷ್ಟ್ರ ಧ್ವನಿ ಎಂದಿನಂತೆ ಒಂದೊಂದೇ ನಕ್ಷತ್ರವನ್ನು ಮಾತಾಡಿಸುತ್ತ ಚೇಳಿನ ತಲೆಯಿಂದ ಬಾಲದವರೆಗೆ ಬಂತು. ಅವರ ಕೈಯ ಬೆಳಕಿನ ಬಾಣ ಇನ್ನೂ ಒಂದಿಷ್ಟು ಕೆಳಗಿಳಿದು, ಕಪ್ಪಗೆ ಖಾಲಿಯಿದ್ದ ಜಾಗದಲ್ಲಿ ನಿಂತಿತು.

“ಇಲ್ಲೊಂದು ಸಣ್ಣ ನಕ್ಷತ್ರ ಇದೆ ಅಂತಾರೆ. ಯಾರ್ಯಾರಿಗೆ ಕಾಣ್ತಿದೆ, ಕೈ ಎತ್ತಿ ನೋಡೋಣ?”

ಮೆಟ್ಟಿಲ ಪಕ್ಕದ ಪುಟ್ಟ ದೀಪಗಳ ಮಬ್ಬಿನಲ್ಲಿ ಕೈಗಳು ಮೇಲೆದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಜೊತೆಗೆ ಬಂದಿದ್ದ ಟೀಚರ ಕೈ. ಆಮೇಲೆ ಐದು, ಹತ್ತು, ಸಾಲಿಗೆ ಸಾಲೇ. “ಅಗೋ ಸಾರ್, ಮಿನುಗ್ತಿದೆ!” ಎಂದು ಯಾರೋ ಕೂಗಿದರು. ಕಂಪ್ಯೂಟರಿನ ಮುಂದೆ ಕೂತಿದ್ದ ಎಂಜಿನಿಯರಮ್ಮನೂ, ಎಲ್ಲ ಗೊತ್ತಿದ್ದೂ, ಕಣ್ಣು ಕಿರಿದು ಮಾಡಿ ಇನ್ನೊಂದು ಸಲ ಮೇಲೆ ನೋಡಿದಳು.

“ಸಾರ್, ಅಲ್ಲಿ ಏನೂ ಇಲ್ಲ,” ಎಂದಿತು ಕೊನೆಯ ಸಾಲಿನಿಂದ ಒಂದು ಸಣ್ಣ ಧ್ವನಿ.

ಗುಮ್ಮಟದ ತುಂಬ ಕಿಸಕಿಸ ನಗು. “ಶ್! ಸರಿಯಾಗಿ ನೋಡೇ,” ಎಂದರು ಟೀಚರು.

ಮೇಷ್ಟ್ರು ಬೆಳಕಿನ ಬಾಣ ಆರಿಸಿದರು. ಹತ್ತೊಂಬತ್ತು ವರ್ಷ ಹೇಳಿದ್ದ ಮಾತನ್ನೇ, ಅದೇ ಧಾಟಿಯಲ್ಲಿ ಹೇಳಿದರು:

“ನಿನ್ನ ಕಣ್ಣು ಚೆನ್ನಾಗಿದೆ, ಪುಟ್ಟಿ.”