ಮಗುವಿಗೆ ಬಂದ ಊರು

ಕಡಲು ಯಾವ ಊರನ್ನು ನುಂಗಿತೋ ಆ ಊರಿನ ಹೆಸರನ್ನು ಅದೇ ದಿನ ಹುಟ್ಟಿದ ಮಗುವಿಗೆ ಇಡಬೇಕೆಂಬುದು ಆಗಿನ ಕಾನೂನು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸುಗಂಧಿ ಹೆತ್ತಾಗ ಪಕ್ಕದ ಮಂಚದಲ್ಲಿ ಹಿಂದಿನ ದಿನ ಹುಟ್ಟಿದ ಮಲ್ಪೆ ಎಂಬ ಗಂಡುಕೂಸು ಹಾಲು ಕುಡಿಯುತ್ತಿತ್ತು. ಸುಗಂಧಿಯನ್ನು ಹೆತ್ತ ಆಯಿ ಮಾತ್ರ ಅಂಕೋಲಾದ ಕಡಲಂಚಿನ ಮನೆ ಬಿಟ್ಟು ಬಂದಿರಲಿಲ್ಲ. "ಬಾಣಂತಿಗೆ ಒಣಮೀನು ತಕಂಡೇ ಬರ್ತೆ" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದಳು.

ನರ್ಸ್ ಕಮಲವ್ವ ಮಗುವಿನ ಕೈಗೆ ಹೆಸರಿನ ಪಟ್ಟಿ ಕಟ್ಟಿದಳು. ಸುಗಂಧಿ ಓದಿದಳು: ಅಂಕೋಲಾ.

"ಇದನ್ನ ಬಿಚ್ಚಿ ಅಕ್ಕಾ! ನಮ್ಮ ಆಯಿ ಅಲ್ಲೇ ಇದ್ದಾಳೆ."

"ಹೆಸರು ಮ್ಯಾಲಿಂದ ಬಂದೈತಿ. ನಾ ಏನ್ ಮಾಡ್ಲಿ ತಂಗಿ?"

ಸುಗಂಧಿ ಆಯಿಗೆ ಫೋನ್ ಹಚ್ಚಿದಳು. ರಿಂಗೇ ಆಗಲಿಲ್ಲ. ಮತ್ತೆ ಹಚ್ಚಿದಳು. ಮಗು ಅಳತೊಡಗಿತು.

ಕಮಲವ್ವ ಅದನ್ನೆತ್ತಿ ಎದೆಗವಚಿಕೊಂಡಳು. "ಅಳಬ್ಯಾಡ ಅಂಕೋಲಾ, ನಿಮ್ಮವ್ವ ಇಲ್ಲೇ ಅದಾಳ."