ಏರಿನಲ್ಲಿ ಮೂರನೇ ಗೇರು

ಭಾವಮೈದನ ಫೋನು ಬಂದಾಗಲೆಲ್ಲ ಬಡಗಿ ಮರ ಕೊಯ್ಯುವ ಯಂತ್ರ ಚಾಲೂ ಮಾಡುತ್ತಿದ್ದ. ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ಹೇಳಬಹುದಲ್ಲ. ಈ ಸಲವೂ ಹಾಗೇ ಮಾಡಿದ. ಆದರೆ ಯಂತ್ರಕ್ಕೆ ಹಲಗೆಯನ್ನೇ ಕೊಟ್ಟಿಲ್ಲವೆಂಬುದು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿಗೆ ಸದ್ದಿನಲ್ಲೇ ಗೊತ್ತಾಯಿತು.

“ನನ್ನ ತಮ್ಮ ನಿಮಗೇನು ಮಾಡಿದಾನೆ?” ಎಂದಳು ಬಾಗಿಲಲ್ಲಿ ನಿಂತು.

ಅವನು ಏನೂ ಮಾಡಿರಲಿಲ್ಲ. ಮಾಡಿದವನು ಬಡಗಿ.

ಬಡಗಿಯ ಪಿಕಪ್ ಗಾಡಿ ತೀರ ದೊಡ್ಡದಲ್ಲ, ತೀರ ಚಿಕ್ಕದೂ ಅಲ್ಲ. ಮುಂದೆ ಮನೆಮಂದಿ ಕೂರಬಹುದು, ಹಿಂದೆ ಬೀರುಗಳನ್ನು ನಿಲ್ಲಿಸಿ ಹಗ್ಗ ಬಿಗಿಯಬಹುದು. ಎಷ್ಟು ಹೇರಿದರೂ ಎಂಜಿನ್ ಉಸ್ಸೆನ್ನುತ್ತಿರಲಿಲ್ಲ. ಗೇರು ಆಟೋಮ್ಯಾಟಿಕ್, ಬಿದ್ದದ್ದೇ ಗೊತ್ತಾಗದಷ್ಟು ನಯ ಎಂದು ಅವನು ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡಿದ್ದ.

ಒಂದು ದಿನ ಏರುರಸ್ತೆಯಲ್ಲಿ, ಎರಡರಿಂದ ಮೂರಕ್ಕೆ ಹೋಗಬೇಕಾದ ಗೇರು ಎಲ್ಲಿಗೂ ಹೋಗಲಿಲ್ಲ. ಎಂಜಿನ್ ಅರಚಿಕೊಂಡಿತು, ಚಕ್ರಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ತುಳಿದು ನಿಲ್ಲಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಗೇರ್‌ಬಾಕ್ಸ್ ಬಿಚ್ಚಲೇಬೇಕು, ಖರ್ಚು ಜಾಸ್ತಿ ಎಂದ ಮೆಕ್ಯಾನಿಕ್. ಸದ್ಯಕ್ಕೆ ಎಣ್ಣೆ ಬದಲಾಯಿಸಿದರೆ ಕೆಲವು ದಿನ ಸುಮ್ಮನಿರುತ್ತದೆ, ಆದರೆ ಬಿಸಿಯೇರಿದ ಮೇಲೆ ಏರಿನಲ್ಲಿ ಮತ್ತೆ ಕೈಕೊಡುತ್ತದೆ ಎಂದೂ ಹೇಳಿದ. ಬಡಗಿ ಎಣ್ಣೆ ಬದಲಾಯಿಸಿದ. ಗಾಡಿ ಮಾರುವುದಾಗಿ ಮನೆಯಲ್ಲಿ ಹೇಳಿದ. ಏಕೆಂದು ಹೇಳಲಿಲ್ಲ.

ಮೊದಲು ಕೇಳಿದವಳು ಮಗಳು. ಗಂಡನನ್ನು ಬಿಟ್ಟು ಬಂದು, ಪಕ್ಕದ ಊರಿನಲ್ಲಿ ಪುಟ್ಟ ಮಗುವಿನೊಂದಿಗೆ ಬೇರೆ ಮನೆ ಮಾಡಿಕೊಂಡಿದ್ದಳು. ಸಮಾರಂಭಗಳಿಗೆ ಕುರ್ಚಿ, ಮೇಜು ಬಾಡಿಗೆಗೆ ಕೊಡುವ ವ್ಯಾಪಾರ ಆಗಷ್ಟೇ ಕಣ್ಣುಬಿಡುತ್ತಿತ್ತು.

“ಹೇಗೂ ಮಾರ್ತಿದ್ದೀಯಲ್ಲಪ್ಪ, ನನಗೇ ಕೊಡು” ಎಂದಳು.

“ನಿನಗೆ ಆ ಗಾಡಿ ಬೇಡ.”

“ಯಾಕೆ? ನನಗೆ ಓಡಿಸೋಕೆ ಬರಲ್ವಾ?”

ಅವನು ಉಳಿ ಮಸೆಯತೊಡಗಿದ. ಮಗಳು ಲೋಟದಲ್ಲಿದ್ದ ಕಾಫಿಯನ್ನು ಹಾಗೇ ಬಿಟ್ಟು, ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಕೆಲವೇ ದಿನಗಳಲ್ಲಿ ಭಾವಮೈದ ಬಂದ. ಅವನದು ಗುಡ್ಡದ ಮೇಲೆ ಸಸಿಗಳ ತೋಟ. ಗಾಡಿಯ ಸುತ್ತ ಒಂದು ಸುತ್ತು ಬಂದು ನನಗೆ ಕೊಡಿ ಎಂದ. ಓಡಿಸಿ ನೋಡು ಎಂದರೆ ನಕ್ಕ. ನಿಮ್ಮ ಗಾಡಿ ಅಂದಮೇಲೆ ನೋಡುವುದೇನಿದೆ ಭಾವ, ಎಂದ. ಆ ಮಾತಿಗೇ ಬಡಗಿ ಎಲ್ಲವನ್ನೂ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. “ಏರಲ್ಲಿ ಸ್ವಲ್ಪ ನಿಧಾನ” ಎಂದಷ್ಟೇ ಹೇಳಿ ಕೀಲಿ ಕೊಟ್ಟ.

ಅಂದಿನಿಂದ ನೆಮ್ಮದಿ ಹೋಯಿತು. ಅಳತೆ ತಪ್ಪಿ ಒಳ್ಳೆಯ ಹಲಗೆಗಳು ಹಾಳಾದವು. ರಸ್ತೆಯಲ್ಲಿ ಯಾವ ಎಂಜಿನ್ ಜೋರಾಗಿ ಕೂಗಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದ. ಭಾವಮೈದ ಮನೆಗೆ ಬಂದರೆ ಸ್ಕೂಟರಿನಲ್ಲೇ ಬರುತ್ತಿದ್ದ. ಗಾಡಿ ಹೇಗಿದೆ ಎಂದರೆ, ಚೆನ್ನಾಗಿದೆ ಭಾವ, ಎಂದು ಅಕ್ಕನ ಕಡೆ ತಿರುಗಿ ಬೇರೆ ಮಾತು ತೆಗೆಯುತ್ತಿದ್ದ. ಗೇರಿನ ಹುಳುಕು ಗೊತ್ತಾಗಿದೆ, ಸಂಬಂಧ ಕೆಡದಿರಲಿ ಎಂದು ನುಂಗಿಕೊಂಡಿದ್ದಾನೆ ಎಂದುಕೊಂಡ ಬಡಗಿ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇದ್ದದ್ದು ಒಂದೇ ಸಮಾಧಾನ. ಮಗಳನ್ನಾದರೂ ಉಳಿಸಿಕೊಂಡೆ. ಅವಳ ಮುನಿಸೂ ಬೇಗ ಇಳಿದಿತ್ತು. ಮೊದಲಿನಂತೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮೊದಲಿಗಿಂತ ಹೆಚ್ಚಾಗಿಯೇ ಅಪ್ಪನ ಆರೋಗ್ಯ ವಿಚಾರಿಸುತ್ತಿದ್ದಳು. ವ್ಯಾಪಾರ ಹೇಗಿದೆ ಎಂದರೆ, ಪರವಾಗಿಲ್ಲ, ಬಾಡಿಗೆ ಗಾಡಿಯಲ್ಲಿ ನಡೆಯುತ್ತಿದೆ ಎನ್ನುತ್ತಿದ್ದಳು.

ಹೆಂಡತಿ ಹಾಗೆ ಕೇಳಿದ ಮರುದಿನ ಬೆಳಿಗ್ಗೆ ಮಂಚ ಮಾಡಿಸಲು ಬಂದ ಗಿರಾಕಿಯೊಬ್ಬರು, ಗುಡ್ಡದ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತಂತೆ ಎಂದರು. ಚಾಲಕ ಬದುಕಲಿಲ್ಲವಂತೆ. ಬಡಗಿ ಅಳತೆಪಟ್ಟಿ ಮಡಚಿಟ್ಟ. ಲಾರಿ ಬೇರೆ, ಪಿಕಪ್ ಬೇರೆ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳಲಿಲ್ಲ. ಕೆಲಸ ಅರ್ಧಕ್ಕೇ ಬಿಟ್ಟು ಗುಡ್ಡದ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಗೊತ್ತಿದ್ದೂ ಮಾರಿದೆ, ಗಾಡಿ ವಾಪಸ್ ಕೊಡು, ನಿನ್ನ ಅಕ್ಕನ ಮುಂದೆ ನಾನೇ ಒಪ್ಪಿಕೊಳ್ಳುತ್ತೇನೆ. ಇಷ್ಟೇ. ಬೇರೆ ಏನೂ ಸೇರಿಸಬಾರದು.

ಭಾವಮೈದ ಸಸಿಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ. ಜೀವಂತ ನಿಂತಿದ್ದ ಅವನನ್ನು ಕಂಡು ಬಡಗಿಗೆ ಉಸಿರು ಮರಳಿತು. ಸುತ್ತಲೂ ನೋಡಿದ. ಪಿಕಪ್ ಇರಲಿಲ್ಲ.

“ಗಾಡಿ ಎಲ್ಲಿ?”

ಭಾವಮೈದನ ಮುಖ ಇಳಿದುಹೋಯಿತು. ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನಿಮಗೆ ಗೊತ್ತಾಗೋಯ್ತಾ? ನಾನೇ ಹೇಳೋಣ ಅಂತ ಎಷ್ಟು ಸಲ ಫೋನ್ ಮಾಡಿದೆ ಭಾವ, ನೀವು ಎತ್ತಲೇ ಇಲ್ಲ. ಅದನ್ನ ನಾನು ನನಗೆ ಅಂತ ತಗೊಂಡಿದ್ದಲ್ಲ. ನೀವು ಕೊಡಲ್ಲ ಅಂದ ದಿನ ನಿಮ್ಮ ಮಗಳು ಇಲ್ಲಿಗೇ ಬಂದು ಅತ್ತಳು. ನೋಡೋಕಾಗಲಿಲ್ಲ. ತಗೊಂಡು ಅವಳಿಗೇ ಕೊಟ್ಟೆ.”

ಬಡಗಿ ಅಲ್ಲೇ ಗೊಬ್ಬರದ ಮೂಟೆಯ ಮೇಲೆ ಕುಳಿತ. “ಏರು ಹತ್ತಿದಳಾ?” ಎಂದು ಕೇಳಿದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಮೊದಲ ಬಾಡಿಗೆಗೇ ಹತ್ತಿದ್ದಳಂತೆ. ಹಿಂದೆ ಕುರ್ಚಿ, ಪಕ್ಕದಲ್ಲಿ ಮಗು. ನಡು ಏರಿನಲ್ಲಿ ಗೇರು ಕೈಕೊಟ್ಟು ಗಾಡಿ ಹಿಂದಕ್ಕೆ ಓಡಿತಂತೆ. ಬಂಡೆಯೊಂದು ಅಡ್ಡ ಸಿಗದಿದ್ದರೆ ಕಂದಕವೇ ಗತಿ. ತಾಯಿ ಮಗು ಇಬ್ಬರಿಗೂ ಏನೂ ಆಗಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿಸಿ ಸರಿ ಮಾಡಿಸಿಕೊಂಡು ಈಗ ಅದನ್ನೇ ಓಡಿಸುತ್ತಿದ್ದಾಳೆ.

ಬಡಗಿ ಎದ್ದ. ಬಾಯಿ ತೆರೆದ. ಅಷ್ಟರಲ್ಲಿ ಭಾವಮೈದ ಅವನ ಎರಡೂ ಕೈ ಹಿಡಿದುಕೊಂಡ.

“ದಯವಿಟ್ಟು ಗೊತ್ತಾಗಿದೆ ಅಂತ ತೋರಿಸ್ಕೋಬೇಡಿ ಭಾವ. ‘ಗೇರು ಕೆಟ್ಟಿದ್ದು ಪಾಪ ಅಪ್ಪನಿಗೆ ಗೊತ್ತೇ ಇರಲಿಲ್ಲ ಮಾಮ, ಗೊತ್ತಿದ್ರೆ ನಿನಗೆ ಮಾರ್ತಾ ಇದ್ನಾ?’ ಅಂದು, ಗೇರಿನ ವಿಷಯ ನಿಮಗೆ ಹೇಳಬಾರದು ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾಳೆ.”