ಪಡುವಣ ಬಾಗಿಲು

ದಾರಿಗಳನ್ನು ಯಾರೂ ನೆನಪಿಟ್ಟುಕೊಳ್ಳದ ಕಾಲ ಅದು. ದಾರಿಗಳೆಲ್ಲ ಕವಲೊಡೆಯುವ ಕವಲುಕಟ್ಟೆಯ ಮಾಳಿಗೆಯಲ್ಲಿ ಕೂತವರು ನಾಡಿನ ಸುದ್ದಿಯೆಲ್ಲ ತರಿಸಿಕೊಂಡು, ಯಾವ ಊರಿಗೆ ಯಾವ ಬಾಗಿಲು ಎಂದು ಹಲಗೆಯಲ್ಲಿ ಬರೆದು ಕೆಳಗಿಳಿಸುತ್ತಿದ್ದರು. ಕೆಳಗೆ ಕೆಂಪಾಜಮ್ಮ ಹಲಗೆ ನೋಡಿ ಬಾಗಿಲು ತೆಗೆಯುತ್ತಿದ್ದಳು, ಅಷ್ಟೇ. ಹಲಗೆಯಲ್ಲಿಲ್ಲದ ಊರಿಗೆ ಮಾತ್ರ ಗಂಟೆ ಬಾರಿಸಿ ಮೇಲಿನವರನ್ನು ಕೇಳಬೇಕು.

ಆ ದಿನ ಸರದಿಯಲ್ಲಿ ಅವಳ ತಂಗಿ ಸಾಕಮ್ಮನೇ ಬಂದಳು, ಕಂಕುಳಲ್ಲಿ ಕೂಸು.

"ಹೊಳೆಸಾಲಿಗೆ ಕಣಕ್ಕ."

ಹಲಗೆಯಲ್ಲಿ ಪಡುವಣ ಬಾಗಿಲು ಎಂದಿತ್ತು. ಆದರೆ ಆ ದಾರಿಯ ಸೇತುವೆ ಕುಸಿದಿದೆ, ಹೋದವರೆಲ್ಲ ನೀರುಪಾಲು ಎಂದು ಈಜಿ ಬಂದವನೊಬ್ಬ ಆಗಷ್ಟೇ ಕೆಂಪಾಜಮ್ಮನ ಕಿವಿಯಲ್ಲಿ ಹೇಳಿದ್ದ. ಸುದ್ದಿ ಹೇಳುವುದು ಮೇಲಿನವರ ಕೆಲಸ; ಕೆಳಗಿನವರು ಬಾಯಿ ಬಿಡುವಂತಿಲ್ಲ.

"ಒಂಚೂರು ಇರವ್ವ, ಬಂದೆ," ಎಂದವಳೇ ಗಂಟೆ ಬಾರಿಸಿದಳು. ಯಾರೂ ಓಗೊಡಲಿಲ್ಲ. ಜೀವನದಲ್ಲೇ ಮೊದಲ ಸಲ ಮೆಟ್ಟಿಲು ಹತ್ತಿದಳು. ಮಾಳಿಗೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಲೋಟಗಳಲ್ಲಿ ಕಾಫಿ ಬೂಷ್ಟು ಹಿಡಿದಿತ್ತು, ಬಳಪದ ಮೇಲೆ ಜೇಡ ಬಲೆ ಕಟ್ಟಿತ್ತು. ಎಷ್ಟು ಕಾಲದಿಂದ ಹಳೆಯ ಹಲಗೆಯನ್ನೇ ನಂಬಿ ಜನರನ್ನು ಕಳಿಸಿದೆನೋ ಎಂದುಕೊಂಡಳು.

ಓಡಿ ಇಳಿದಾಗ ಸಾಕಮ್ಮ ಕಾಣಲಿಲ್ಲ. ಪಡುವಣ ಬಾಗಿಲು ಹಾರು ಹೊಡೆದಿತ್ತು.

"ಹಲಗೇಲಿ ಬರ್ದಿತ್ತಲ್ಲವ್ವ," ಎಂದ ಸರದಿಯಲ್ಲಿದ್ದ ಮುದುಕ, ನಗುತ್ತ. "ನಿನಗ್ಯಾಕೆ ತೊಂದ್ರೆ ಅಂತ ನಾವೇ ತೆಗೆದು ಕಳಿಸಿದ್ವಿ."